‘ಅಜ್ಜಾರಿಗೆ ಕಂಪ್ಯೂಟರ್ ಬರೂದಿಲ್ಲ’ ಎಂದು ನಗುವ ತಮ್ಮಂದಿರೇ, ನಿಮಗೇನು ಬರುತ್ತದೆ?

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಪ್ಯಾಟಿ. ಆ ದಿನ ಮಾರುಕಟ್ಟೆಯೊಳಗೆ ಕಾಲಿಟ್ಟವನು ಸೀನದೆ ಹೊರಗೆ ಬರುವುದಿಲ್ಲ. ಅಂಥ ಒಂದು ಸೋಮವಾರ ನಾನು ಒಂದು ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯ ಹೆಸರು ಬೇಡ. ಹೆಸರು ಹೇಳಿದರೆ ಅದು ಒಂದು ಅಂಗಡಿಯ ಕಥೆಯಾಗಿಬಿಡುತ್ತದೆ. ಇದು ಸಾಲು ಸಾಲು ಅಂಗಡಿಗಳ ಕಥೆ.

ಅಲ್ಲಿ ಇಬ್ಬರು ಗುಮಾಸ್ತರು. ಒಬ್ಬರಿಗೆ ಅರವತ್ತು ದಾಟಿದೆ. ಹದಿನಾರನೇ ವಯಸ್ಸಿಗೆ ಲೆಕ್ಕ ಬರೆಯಲು ಕೂತವರು, ಇನ್ನೂ ಎದ್ದಿಲ್ಲ. ಎಲ್ಲರೂ ಅವರನ್ನು ದಿವಾನಜಿ ಎಂದೇ ಕರೆಯುತ್ತಾರೆ. ಇನ್ನೊಬ್ಬ ರಾಣೆಬೆನ್ನೂರಿನ ಹುಡುಗ. ಬಿ.ಕಾಂ. ಮುಗಿಸಿ ವರ್ಷವೂ ಆಗಿಲ್ಲ. ಅವನ ಮುಂದೆ ಕಂಪ್ಯೂಟರು, ಪಕ್ಕದಲ್ಲಿ ಪ್ರಿಂಟರು, ಕಿವಿಯಲ್ಲಿ ಫೋನಿನ ಗುಂಡಿ.

ಸಿರುಗುಪ್ಪದ ಕಡೆಯ ರೈತರೊಬ್ಬರು ಬಂದರು. ಮಾಲು ಮಾರಾಟವಾಗಿತ್ತು. ಹುಡುಗ ಟಕಟಕ ಎಂದು ಬೆರಳಾಡಿಸಿ ಲೆಕ್ಕಪಟ್ಟಿ ತೆಗೆದು ಕೈಗಿಟ್ಟ. ಎಲ್ಲಾ ಇಂಗ್ಲಿಷು. ರೈತ ಆ ಹಾಳೆಯನ್ನು ಎರಡು ಸಲ ನೋಡಿದರು. ಹುಡುಗನನ್ನು ಒಂದು ಸಲ ನೋಡಿದರು. ಹುಡುಗ ಆಗಲೇ ಫೋನಿನೊಳಗೆ ಇಳಿದಿದ್ದ. ರೈತ ಸುಮ್ಮನೆ ಎದ್ದು ದಿವಾನಜಿಯವರ ಹತ್ತಿರ ಹೋಗಿ ಕೂತರು. ಆ ಹಿರಿಯರು ಕನ್ನಡಕ ಏರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ಚೀಲ ಇಷ್ಟು, ತೂಕ ಇಷ್ಟು, ಹಮಾಲಿ ಇಷ್ಟು, ಹೋದ ತಿಂಗಳು ನೀವು ಒಯ್ದ ಮುಂಗಡ ಇಷ್ಟು, ಕೈಗೆ ಬರೋದು ಇಷ್ಟು ಎಂದು ಬಿಡಿಸಿ ಹೇಳಿದರು. ಹೇಳುವಾಗ ಒಂದು ಕಡೆ ತಡೆದು, ‘ತಮ್ಮಾ, ಇಲ್ಲಿ ಎರಡು ಚೀಲ ಕಮ್ಮಿ ಹಚ್ಚೀಯಲ್ಲೋ’ ಎಂದರು. ಹುಡುಗ ನೋಡಿದ. ಹೌದು, ತಪ್ಪಿತ್ತು. ತಿದ್ದಿ ಬೇರೆ ಹಾಳೆ ಕೊಟ್ಟ.

ರೈತ ಹೋದ ಮೇಲೆ ಹುಡುಗ ನನ್ನ ಕಡೆ ತಿರುಗಿ ನಗುತ್ತಾ ಹೇಳಿದ ಮಾತು ಇದು: ‘ಅಜ್ಜಾರು ಹಳೇ ಕಾಲದವ್ರು ನೋಡ್ರಿ. ಕಂಪ್ಯೂಟರ್ ಬರೂದಿಲ್ಲ.’

ಸಾವ್ಕಾರರೂ ನಕ್ಕರು. ನಾನೂ ಅರ್ಧ ನಕ್ಕೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ನಗು ನನ್ನ ಗಂಟಲಲ್ಲಿ ಮೆಣಸಿನ ಘಾಟಿನ ಹಾಗೆ ಇನ್ನೂ ಕೂತಿದೆ. ಅದಕ್ಕೇ ಈ ಬರಹ.

ಗೆಳೆಯರೇ, ನೀವೇ ಹೇಳಿ. ಆ ದಿನ ಆ ಅಂಗಡಿಯಲ್ಲಿ ಕೆಲಸ ಬಾರದವರು ಯಾರು? ಲೆಕ್ಕ ಮಾಡಿದ ಯಂತ್ರವೋ, ಅದನ್ನು ಅಚ್ಚು ಹಾಕಿದ ಹುಡುಗನೋ, ಅದನ್ನು ಲೆಕ್ಕದ ಒಡೆಯನಿಗೆ ಮುಟ್ಟಿಸಿದ ಮುದುಕನೋ? ರೈತನಿಗೆ ಅರ್ಥವಾಗದ ಪಟ್ಟಿ ಎಂಥ ಪಟ್ಟಿ? ಅದು ಸಾವ್ಕಾರನಿಗೆ ಪಟ್ಟಿ, ಆಡಿಟರಿಗೆ ಪಟ್ಟಿ. ಬೆಳೆದವನಿಗೆ ಬರೀ ಕಾಗದ!

ಆ ದಿವಾನಜಿಗೆ ಏನೇನು ಬರುತ್ತದೆ ಎಂದು ನಾನು ಕೇಳುತ್ತಾ ಹೋದೆ. ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ಅವರು ನೋಡದೆಯೇ ಹೇಳಬಲ್ಲರು. ಉದ್ದಕ್ಕೆ ತೆಳ್ಳಗೆ ಸುಕ್ಕುಸುಕ್ಕಾಗಿದ್ದರೆ ಕಡ್ಡಿ, ಗಿಡ್ಡಗೆ ದುಂಡಗೆ ಬೀಜ ತುಂಬಿಕೊಂಡಿದ್ದರೆ ಡಬ್ಬಿ. ಇಷ್ಟನ್ನು ಯಾವ ಪುಸ್ತಕವೂ ಹೇಳೀತು. ಆದರೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಜದ ಸದ್ದು ಕೇಳಿ, ಮಾಲು ಸರಿಯಾಗಿ ಒಣಗಿದೆಯೋ ಇಲ್ಲವೋ ಎಂದು ಹೇಳುವುದು ಪುಸ್ತಕದ ವಿದ್ಯೆಯಲ್ಲ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಅದರ ರಸ ತೆಗೆಯುವ ಕಾರ್ಖಾನೆಗಳು ಬೆನ್ನು ಹತ್ತಿವೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಊರಿನ ಹೆಸರು ಕಾಗದದ ಮೇಲೆ ಭದ್ರವಾಯಿತು. ಆದರೆ ಆ ಹೆಸರನ್ನು ಕೈಯಲ್ಲಿ, ಕಿವಿಯಲ್ಲಿ, ನಾಲಗೆಯಲ್ಲಿ ಉಳಿಸಿಕೊಂಡವರು ಯಾರು? ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಇಂಥ ಗುಮಾಸ್ತರು. ಇವರಿಗೆ ಯಾವ ಮಾನ್ಯತೆ?

ಅವರ ಹಳೆಯ ಕೀರ್ದಿ, ಖತಾವಣಿ ಪುಸ್ತಕಗಳನ್ನು ನೋಡಿದೆ. ಕೆಂಪು ಬಟ್ಟೆಯ ರಟ್ಟು. ಒಳಗೆ ಕನ್ನಡ ಅಂಕಿ. ಹುಡುಗನಿಗೆ ಒಂದು ಪುಟ ತೋರಿಸಿ ಓದು ಎಂದೆ. ೧, ೨, ೩ ಓದಿದ. ೬ಕ್ಕೆ ಬಂದಾಗ ತಡವರಿಸಿದ. ೭ನ್ನು ೬ ಎಂದ. ಬಿ.ಕಾಂ. ಮಾಡಿದ ಕನ್ನಡದ ಹುಡುಗ, ಕನ್ನಡ ನಾಡಿನ ನಡುಮಧ್ಯದಲ್ಲಿ ಕೂತು, ಕನ್ನಡದ ಏಳನ್ನು ಆರು ಎಂದ! ಲೆಕ್ಕದವನು ಏಳನ್ನು ಆರು ಎಂದರೆ ಅಂಗಡಿ ಮುಳುಗುತ್ತದೆ ಸ್ವಾಮಿ.

(ಕೀರ್ದಿ, ಖತಾವಣಿ ಕನ್ನಡ ಶಬ್ದಗಳೇ ಎಂದು ಯಾರೋ ಪಂಡಿತರು ಪತ್ರ ಬರೆದಾರು. ಮರಾಠಿಯ ಕಡೆಯಿಂದ ಬಂದವು, ಗೊತ್ತು. ದೀಡ, ಅಡೀಚ ಕೂಡ ಆ ಕಡೆಯವೇ. ನಮ್ಮ ಗುಮಾಸ್ತರು ಅವನ್ನು ಪಳಗಿಸಿ ಕನ್ನಡ ಮಾಡಿಕೊಂಡರು. ನಾವು ‘ಎಂಟ್ರಿ’, ‘ಬ್ಯಾಲೆನ್ಸು’ಗಳನ್ನು ಪಳಗಿಸುತ್ತಿಲ್ಲ. ಅವೇ ನಮ್ಮನ್ನು ಪಳಗಿಸುತ್ತಿವೆ. ವ್ಯತ್ಯಾಸ ಅಷ್ಟೇ.)

ಈಗ ನೀವು ಹೇಳುತ್ತೀರಿ: ಅದಕ್ಕೆ ನಾವೇನು ಮಾಡೋಣ? ಕಂಪ್ಯೂಟರ್ ಇಂಗ್ಲಿಷಿನಲ್ಲಿ ಬಂದಿದೆ, ನಾವು ಇಂಗ್ಲಿಷಿನಲ್ಲಿ ಒತ್ತುತ್ತೇವೆ. ಇಲ್ಲೇ ಇರುವುದು ಮೋಸ! ಆ ಹುಡುಗ ಬಳಸುತ್ತಿದ್ದುದು ಟ್ಯಾಲಿ. ಟ್ಯಾಲಿ ಎಲ್ಲಿಯದು? ಅಮೆರಿಕೆಯದೇ? ಅಲ್ಲ, ನಮ್ಮ ಬೆಂಗಳೂರಿನದು. ಅದರ 9ನೇ ಆವೃತ್ತಿ ಬಂದಾಗಲೇ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಲೆಕ್ಕ ಬರೆಯುವ ಸೌಲಭ್ಯ ಅದರಲ್ಲಿತ್ತು. ಅಂದರೆ ಯಂತ್ರಕ್ಕೆ ಕನ್ನಡ ಬರುತ್ತಿತ್ತು. ನಮಗೆ ಬೇಕಾಗಿರಲಿಲ್ಲ! ಆ ಸೌಲಭ್ಯ ಹಚ್ಚಿ ಎಂದು ಸಾವ್ಕಾರ ಕೇಳಲಿಲ್ಲ, ಕಲಿಸಿದ ತರಬೇತಿ ಕೇಂದ್ರದವನು ಹೇಳಲಿಲ್ಲ, ಹುಡುಗ ಹುಡುಕಲಿಲ್ಲ. ಹಾಗಾಗಿ ರಾತ್ರೋರಾತ್ರಿ ಒಂದು ಪವಾಡ ನಡೆಯಿತು. ನಲವತ್ತೈದು ವರ್ಷ ಲೆಕ್ಕ ಬರೆದವರು ‘ಏನೂ ಬಾರದವರು’ ಆದರು. ಆರು ತಿಂಗಳ ಕೋರ್ಸು ಮಾಡಿದವನು ‘ಎಲ್ಲಾ ಬಲ್ಲವನು’ ಆದ. ಇಬ್ಬರ ನಡುವಿನ ಕಂದಕ ವಯಸ್ಸಿನದಲ್ಲ, ಬುದ್ಧಿಯದಂತೂ ಅಲ್ಲವೇ ಅಲ್ಲ. ತೆರೆಯ ಮೇಲೆ ಕನ್ನಡವಿದ್ದಿದ್ದರೆ ಆ ದಿವಾನಜಿ ಒಂದು ವಾರದಲ್ಲಿ ಟ್ಯಾಲಿ ಕಲಿಯುತ್ತಿದ್ದರು. ಆ ಹುಡುಗನೂ ಅವರ ಪುಸ್ತಕಗಳನ್ನು ಒಂದು ವಾರದಲ್ಲಿ ಓದುತ್ತಿದ್ದ.

2024ರ ಮಾರ್ಚ್ 11ನ್ನು ನೆನಪಿಸಿಕೊಳ್ಳಿ. ಅದೂ ಒಂದು ಸೋಮವಾರ. ಮೆಣಸಿನಕಾಯಿ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿದರು. ವಾಹನಗಳು ಹೊತ್ತಿ ಉರಿದವು. ಅದಕ್ಕೆ ಭಾಷೆ ಕಾರಣ ಎಂದು ನಾನು ಸುಳ್ಳು ಹೇಳುವುದಿಲ್ಲ. ದರ ಬಿದ್ದದ್ದೇ ಕಾರಣ. ಬೆಂಕಿ ಹಚ್ಚಿದ್ದನ್ನು ಹೊಗಳುವುದೂ ಇಲ್ಲ. ಆದರೆ ಈಗ ದರ ಹೇಳುವುದು ಮನುಷ್ಯರಲ್ಲ, ತೆರೆ. ತೆರೆಯ ಮೇಲಿನ ಅಂಕಿಯನ್ನು ರೈತನ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಅವನ ಮಾತಿನಲ್ಲಿ ಬಿಡಿಸಿ ಹೇಳುವವನು ಎಷ್ಟು ಬೆಲೆಬಾಳುವ ಮನುಷ್ಯ ಎಂಬುದನ್ನು ಅಂಥ ದಿನಗಳೇ ಕಲಿಸಬೇಕು. ಆ ವಿದ್ಯೆ ಇರುವುದು ಹಳಬರ ಹತ್ತಿರ. ಅವರು ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದಾರೆ.

ರಾಣೆಬೆನ್ನೂರಿಗೆ ಬನ್ನಿ. ಒಂದು ಬ್ಯಾಂಕು. ಅದರ ಹೆಸರೂ ಬೇಡ. ಬೀಜೋತ್ಪಾದನೆ ಮಾಡುವ ಹಳ್ಳಿಯ ತಾಯಿಯೊಬ್ಬರು ಹಣ ತೆಗೆಯಲು ಬಂದಿದ್ದರು. ಒಂದು ಕಿಟಕಿಯಲ್ಲಿ ಬಿಹಾರದ ಹುಡುಗ, ಪಕ್ಕದ ಕಿಟಕಿಯಲ್ಲಿ ಹಾವೇರಿಯ ಹುಡುಗ. ತಾಯಿ ಏನೋ ಕೇಳಿದರು. ನಮ್ಮ ಹಾವೇರಿಯ ಹುಡುಗ, ‘ಆಂಟೀ, ಫಾರ್ಮ್ ಫಿಲ್ ಮಾಡ್ಕೊಂಡ್ ಬನ್ನಿ, ಆಮೇಲೆ ವಿತ್‌ಡ್ರಾ’ ಎಂದ. ಆ ತಾಯಿಯ ಊರಿಗೂ ಇವನ ಊರಿಗೂ ಬಸ್ಸಿನಲ್ಲಿ ಅರ್ಧ ತಾಸು! ಆಮೇಲೆ ಪಕ್ಕದವನ ಜೊತೆ ಹಿಂದಿಯಲ್ಲಿ ಕ್ರಿಕೆಟ್ ಮಾತು. ಆ ಬಿಹಾರದ ಹುಡುಗ ಬಂದು ಎರಡು ವರ್ಷವಾಗಿದೆಯಂತೆ. ಅವನಿಗೆ ಕನ್ನಡ ಬೇಕಾಗಿಯೇ ಇಲ್ಲ. ಬೇಕಾದಾಗಲೆಲ್ಲ ದುಭಾಷಿಯಾಗಿ ನಮ್ಮವನು ಕೂತಿದ್ದಾನಲ್ಲ!

ಅವನಿಗೆ ಬರುವುದು ಕನ್ನಡದ ಎರಡೇ ಮಾತು: ‘ಕುಂದರ್ರಿ’, ‘ನಾಳಿ ಬರ್ರಿ’. ಅವನ್ನು ಕಲಿಸಿದವರು ನಿವೃತ್ತಿಗೆ ಕೆಲವೇ ತಿಂಗಳಿರುವ ಹಳೆಯ ಕ್ಯಾಷಿಯರು. (ಬ್ಯಾಂಕಿನಲ್ಲಿ ಮೊದಲು ಕಲಿಯಬೇಕಾದ ಮಾತು ‘ನಾಳಿ ಬರ್ರಿ’ಯೇ ಎಂದು ಅವರೇ ನನಗೆ ಹೇಳಿ ನಕ್ಕರು.) ಅವರು ಆ ಹುಡುಗನ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡುವುದಿಲ್ಲ. ಬೈಯುವುದಿಲ್ಲ, ಜಗಳವಿಲ್ಲ. ಕನ್ನಡದಲ್ಲಿ ಮಾತಾಡುತ್ತಾರೆ, ಅವನು ತಿಳಿದುಕೊಳ್ಳುತ್ತಾನೆ. ಹೊರಗಿನವನ ಮೇಲೆ ಕೂಗಾಡುವುದು ಸುಲಭ ತಮ್ಮಾ. ಅದನ್ನು ವಿಡಿಯೋ ಮಾಡಿ ಹಂಚುವುದು ಇನ್ನೂ ಸುಲಭ. ಅವನಿಗೆ ಕನ್ನಡ ಬೇಡವಾಗುವ ಹಾಗೆ ಮಾಡಿದವರು ಯಾರು? ಅವನ ಪಕ್ಕದಲ್ಲಿ ಕೂತ ನೀನು!

ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳ ಹಣೆಬರಹ ನಿಮಗೆ ಗೊತ್ತೇ ಇದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕ್. 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುತ್ತಿತ್ತು. ಎರಡಾಣೆ ಕೊಡುವವನ ಭಾಷೆ ಬಾರದೆ ಎರಡಾಣೆ ಎತ್ತಲು ಆಗುತ್ತದೆಯೇ? ಆ ಬ್ಯಾಂಕುಗಳ ಬೋರ್ಡು ಇಳಿದರೂ ಅಲ್ಲಿ ಕಲಿತ ಹಳೆಯ ನೌಕರರು ಇನ್ನೂ ಕೆಲವರಿದ್ದಾರೆ. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಳ್ಳಾರಿಯ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಒಂದಾಗಿದೆ. 2019ರಲ್ಲಿ ಕೇಂದ್ರ ಹಣಕಾಸು ಸಚಿವರು, ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುತ್ತೇವೆ ಎಂದು ಘೋಷಿಸಿದರು. ಅದಕ್ಕಾಗಿ ಕನ್ನಡಿಗರು ಬೀದಿಗಿಳಿದು ಗಂಟಲು ಹರಿದುಕೊಂಡಿದ್ದರು. ಆ ಬಾಗಿಲಿನಿಂದ ಒಳಗೆ ಹೋದ ಹುಡುಗ ಒಳಗೆ ಕೂತ ಮೇಲೆ ‘ಫಾರ್ಮ್ ಫಿಲ್ ಮಾಡ್ಕೊಂಡ್ ಬನ್ನಿ’ ಎಂದರೆ, ಹೊರಗೆ ಕೂಗಿದವರ ಗಂಟಲಿಗೆ ಬೆಲೆ ಏನು?

ಇಷ್ಟು ಓದಿ ಹಿರಿಯ ಸಹೋದ್ಯೋಗಿಗಳು ಮೀಸೆ ತಿರುವುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ನಿಮ್ಮ ಸರದಿಯೂ ಇದೆ!

ಹಾವೇರಿಯ ಕಚೇರಿಗಳನ್ನು ನಾನು ಬಲ್ಲೆ. 1997ರಲ್ಲಿ ಧಾರವಾಡ ಒಡೆದು ಹಾವೇರಿ ಜಿಲ್ಲೆಯಾಯಿತು. ಆಗ ಮೇಜು ಕುರ್ಚಿ ಹೊಂದಿಸಿ ಕಡತ ಕಟ್ಟಿದ ಗುಮಾಸ್ತರು ಈಗ ನಿವೃತ್ತರು, ಇಲ್ಲವೇ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಎಷ್ಟು ಚಂದದ ಟಿಪ್ಪಣಿ ಬರೆಯುತ್ತಿದ್ದರು! ಒಂದು ಪುಟದಲ್ಲಿ ಇಡೀ ಪ್ರಕರಣ. ಈಗಿನ ಹುಡುಗ ಹೋದ ವರ್ಷದ ಟಿಪ್ಪಣಿಯನ್ನು ತೆರೆದು, ಹೆಸರು ಬದಲಿಸಿ, ಅಂಟಿಸುತ್ತಾನೆ. ಒಮ್ಮೊಮ್ಮೆ ಹೆಸರನ್ನೂ ಬದಲಿಸುವುದಿಲ್ಲ. ಆದರೆ ಆ ಹುಡುಗ ಕೆಲಸಕ್ಕೆ ಸೇರಿದ ಮೊದಲ ದಿನ ನೀವು ಅವನಿಗೆ ಏನು ಕಲಿಸಿದಿರಿ? ‘ಏ ತಮ್ಮಾ, ಕೆಳಗ ಹೋಗಿ ಚಾ ಹೇಳಿ ಬಾ.’ ಅವನು ಪ್ರಶ್ನೆ ಕೇಳಿದರೆ, ‘ನಿನಗ ಈಗ ತಿಳಿಯೂದಿಲ್ಲ, ಸುಮ್ಮನಿರು.’ ಕಡತ ಎಲ್ಲಿದೆ ಎಂದರೆ ತಲೆ ತೋರಿಸಿದಿರಿ. ವಿದ್ಯೆಯನ್ನು ಬೀಗ ಹಾಕಿ ಇಟ್ಟುಕೊಂಡರೆ ನಿಮ್ಮನ್ನು ಯಾರೂ ಅಲ್ಲಾಡಿಸಲಾರರು ಎಂದುಕೊಂಡಿರಿ. ಕಂಪ್ಯೂಟರ್ ತರಬೇತಿಗೆ ಕಳಿಸಿದಾಗ ಹಾಜರಿ ಹಾಕಿ, ಊಟ ಮಾಡಿ, ಬಸ್ ಹತ್ತಿದಿರಿ. ಆಮೇಲೆ ಆ ಹುಡುಗನೇ ನಿಮ್ಮ ಸಂಬಳದ ಬಿಲ್ಲನ್ನೂ ಮಾಡಬೇಕಾಯಿತು. ಅವನಿಗೆ ನಿಮ್ಮ ಮೇಲೆ ಗೌರವ ಹುಟ್ಟುವುದಾದರೂ ಹೇಗೆ?

ಇನ್ನೊಂದು ಮಾತು, ಇದು ನೋಯುತ್ತದೆ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜಕುಮಾರ್ ಅವರ ಹಿಂದೆ ಜಯಕಾರ ಹಾಕಿದವರು ನೀವು. ಬಂದ ಮೇಲೆ ಮಕ್ಕಳನ್ನು ಯಾವ ಶಾಲೆಗೆ ಹಾಕಿದಿರಿ? ಕನ್ನಡದ ೭ನ್ನು ೬ ಎಂದು ಓದಿದ ಹುಡುಗ ಆಕಾಶದಿಂದ ಉದುರಿದನೇ? ನಿಮ್ಮ ಮನೆಯಿಂದಲೇ ಬಂದ!

ಹಳಬರ ಕೈಬರಹವೆಲ್ಲ ಪವಿತ್ರ ಎಂದು ನಾನು ಪೂಜೆ ಮಾಡುವವನಲ್ಲ. ಕೈಬರಹದ ಪಹಣಿಯ ಕಾಲ ನೆನಪಿದೆಯೇ? ಗ್ರಾಮ ಲೆಕ್ಕಿಗನಿಗೆ ಬಿಟ್ಟು ಬೇರೆ ಯಾರಿಗೂ ಓದಲು ಬಾರದ ಅಕ್ಷರ. ಅದನ್ನು ಓದಿಸಿಕೊಳ್ಳಲು ರೈತ ಕೈ ಬೆಚ್ಚಗೆ ಮಾಡಬೇಕಿತ್ತು. ಆ ಕನ್ನಡವೂ ರೈತನಿಗೆ ಇಂಗ್ಲಿಷಿನಷ್ಟೇ ದೂರವಾಗಿತ್ತು. ‘ಭೂಮಿ’ ಯೋಜನೆ ಬಂದು ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿತು. ಹೊಸ ಶತಮಾನ ಶುರುವಾಗುವ ಹೊತ್ತಿಗೇ, ಅದೂ ಕನ್ನಡದಲ್ಲೇ! ಕಂಪ್ಯೂಟರಿನಲ್ಲಿ ಕನ್ನಡ ಆಗುವುದಿಲ್ಲ ಎನ್ನುವವನ ಮುಖಕ್ಕೆ ಒಂದು ಪಹಣಿ ಹಿಡಿಯಿರಿ. ತಾಲ್ಲೂಕು ಕಚೇರಿಯ ಜಮೀನಿನ ಲೆಕ್ಕ ಕನ್ನಡದಲ್ಲಿ ಆಗುತ್ತದಾದರೆ, ದಲಾಲಿ ಅಂಗಡಿಯ ಮೆಣಸಿನಕಾಯಿ ಲೆಕ್ಕ ಯಾಕೆ ಆಗುವುದಿಲ್ಲ? ಬ್ಯಾಂಕಿನ ಎರಡು ಸಾವಿರ ರೂಪಾಯಿಯ ಚೀಟಿ ಯಾಕೆ ಆಗುವುದಿಲ್ಲ?

ಈ ಸೀಮೆಗೆ ಇದು ಹೊಸ ಜಗಳವೂ ಅಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಇಲ್ಲಿನ ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ದರ್ಬಾರು. ಕನ್ನಡದವರೇ ಮರಾಠಿಯಲ್ಲಿ ಲೆಕ್ಕ ಬರೆದು, ಅದೇ ಜಾಣತನ ಎಂದುಕೊಂಡಿದ್ದರು. ಅದನ್ನು ತಿರುಗಿಸಿದ್ದು ಹೊರಗೆ ನಿಂತು ಕಲ್ಲೆಸೆದವರಲ್ಲ. ಶಿಕ್ಷಣ ಇಲಾಖೆಯೊಳಗೆ ನೌಕರಿಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು. ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಲು ಅವರು ತಮ್ಮ ಕುರ್ಚಿಯನ್ನೇ ಬಳಸಿದರು. ನಿಮ್ಮ ಜಿಲ್ಲೆಯವರೇ ಆದ ಗಳಗನಾಥರು ಶಾಲಾ ಮಾಸ್ತರರು. ಮರಾಠಿ ಕಾದಂಬರಿಗಳನ್ನು ಓದಿ ಕಣ್ಣರಳಿಸಿ ಸುಮ್ಮನಾಗಲಿಲ್ಲ. ಅವನ್ನು ಕನ್ನಡಕ್ಕೆ ತಂದರು, ತಾವೇ ಬರೆದರು, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಇಬ್ಬರೂ ನೌಕರರೇ. ನಿಮ್ಮ ಹಾಗೆ ತಿಂಗಳ ಸಂಬಳದವರೇ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ನೀವೆಲ್ಲ ಬಂದಿದ್ದಿರಿ. ಕೆಂಪು ಹಳದಿ ಶಾಲು ಹೊದ್ದು ಫೋಟೋ ತೆಗೆಸಿಕೊಂಡಿರಿ, ಊಟದ ಸಾಲಿನಲ್ಲಿ ನಿಂತಿರಿ. ತಪ್ಪಿಲ್ಲ, ನಾನೂ ನಿಂತಿದ್ದೆ. ಆದರೆ ಮೂರು ದಿನದ ಆ ಶಾಲನ್ನು ಮಡಿಸಿಟ್ಟು ನಾಲ್ಕನೇ ದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಯಾವ ಭಾಷೆಯಲ್ಲಿ ತೆರೆದಿರಿ? ಬೆಂಗಳೂರು, ಹುಬ್ಬಳ್ಳಿ ಸೇರಿದ ಹುಡುಗರೇ, ನಿಮ್ಮನ್ನೂ ಕೇಳುತ್ತಿದ್ದೇನೆ. ನಿಮ್ಮ ಕಚೇರಿಯಲ್ಲೂ ಒಬ್ಬ ದಿವಾನಜಿ ಇದ್ದಾರೆ. ಸ್ಟೋರ್ ಕೀಪರ್ ಇರಬಹುದು, ಅಟೆಂಡರ್ ಇರಬಹುದು, ಸೆಕ್ಯುರಿಟಿಯ ಅಣ್ಣ ಇರಬಹುದು. ನಿಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಇಂಗ್ಲಿಷ್ ಸೂಚನೆ ಬಂದಾಗ ಅವರು ಸುಮ್ಮನೆ ಹೆಬ್ಬೆರಳು ಒತ್ತುತ್ತಾರೆ. ಅರ್ಥವಾಯಿತೆಂದಲ್ಲ, ಕೇಳಲು ನಾಚಿಕೆಯೆಂದು. ಅದನ್ನು ಕನ್ನಡದಲ್ಲಿ ಎರಡು ಸಾಲು ಬರೆದರೆ ನಿಮ್ಮ ಬೆರಳು ಸವೆಯುತ್ತದೆಯೇ? ಬದಲಿಗೆ ಅವರಿಂದ ದಿನಕ್ಕೆ ಹತ್ತು ನಿಮಿಷ ಕೇಳಿಸಿಕೊಳ್ಳಿ. ಯಾವ ಗಿರಾಕಿಗೆ ಯಾವ ಮಾತು, ಯಾವ ಯಂತ್ರಕ್ಕೆ ಯಾವ ಸದ್ದು, ಯಾವ ಕಾಗದ ಯಾವ ಕಪಾಟಿನಲ್ಲಿ. ಬರೆದಿಟ್ಟುಕೊಳ್ಳಿ. ಅವರು ಹೋದ ಮೇಲೆ ಯಾವ ಗೂಗಲ್ಲೂ ಅದನ್ನು ಹೇಳುವುದಿಲ್ಲ.

ಸಂಘಟನೆಯ ಗೆಳೆಯರಿಗೂ ಒಂದು ಮಾತು. ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕೆಂದು ಹೋರಾಡಿದಿರಿ, 2024ರಲ್ಲಿ ಕಾನೂನಿಗೆ ತಿದ್ದುಪಡಿಯೂ ಆಯಿತು. ಒಳ್ಳೆಯದು. ಅಂಗಡಿಯ ನೆತ್ತಿಯ ಮೇಲೆ ಕನ್ನಡ ಬಂತು. ಇನ್ನು ಒಳಗೆ ಹೋಗಿ ಪ್ರಿಂಟರಿನ ಬಾಯಿ ನೋಡಿ. ಅಲ್ಲಿಂದ ಹೊರಬರುವ ಪಟ್ಟಿಯಲ್ಲಿ ಎಷ್ಟು ಭಾಗ ಕನ್ನಡ ಇದೆ ಎಂದು ಸಾವ್ಕಾರರನ್ನು ಕೇಳಿ. ಮಸಿ ಬಳಿಯುವುದು ಬೇಡ. ಒಬ್ಬ ಕಂಪ್ಯೂಟರ್ ಬಲ್ಲ ಹುಡುಗನನ್ನು ಕರೆದೊಯ್ದು ಅಲ್ಲೇ ಕೂತು ಕನ್ನಡ ಹಚ್ಚಿ ಬನ್ನಿ.

ಆ ಅಂಗಡಿಗೆ ನಾನು ಮೊನ್ನೆ ಒಂದು ಗುರುವಾರ ಮತ್ತೆ ಹೋಗಿದ್ದೆ. ಒಳಗೆ ದೊಡ್ಡ ಗಲಾಟೆ. ಹುಡುಗ ಅದು ಹೇಗೋ ಕನ್ನಡದಲ್ಲಿ ಪಟ್ಟಿ ತೆಗೆದಿದ್ದ. ದಿವಾನಜಿ ಆ ಹಾಳೆಯನ್ನು ಬೆಳಕಿಗೆ ಹಿಡಿದು ಕೆಂಡವಾಗಿದ್ದರು. ಕಾಗಿನೆಲೆಯ ರೈತರ ಪಟ್ಟಿ ಅದು. ಹುಡುಗ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಿದ್ದ, ಅದು ‘ಕಗಿನೆಲೆ’ ಎಂದು ಮೂಡಿತ್ತು.

‘ಕನಕದಾಸರ ಊರಿಗೆ ಒಂದು ದೀರ್ಘ ಕೊಡಾಕ ನಿನಗೇನ ಕಷ್ಟೋ ತಮ್ಮಾ?’

‘ಎರಡು ಸಲ ಎ ಒತ್ತಬೇಕ್ರಿ ಅಜ್ಜಾರ, ಮರತೆ.’

‘ಒತ್ತು ಮತ್ತ! ಎರಡು ಸಲ ಒತ್ತು!’

ಹುಡುಗ ಒತ್ತಿದ. ರೈತ ಕಾಯುತ್ತಾ ನಿಂತಿದ್ದರು.